ಒಂದು ಹಾರ್ಮೋನಿಯಂ ಮತ್ತು ನಮ್ಮ ಕೆಂಪು ಬಣ್ಣ

ನಿವೃತ್ತಿಯಾದ ಮೇಲೆ ನನಗೆ ಫೋನ್ ಮಾಡುವ ಹುಡುಗ ಹುಡುಗಿಯರು ಮೊದಲು ಕೇಳುವುದು ಒಂದೇ ಪ್ರಶ್ನೆ. "ಮೇಡಂ, ಯಾವ ಸಾಫ್ಟ್‌ವೇರ್ ಕಲಿಯಬೇಕು?" ಯಾವುದಾದರೂ ಕಲಿಯಿರಿ, ಅದು ಕೈಗೆ ಹತ್ತುವ ಹೊತ್ತಿಗೆ ಇನ್ನೊಂದು ಬಂದಿರುತ್ತದೆ ಎನ್ನುತ್ತೇನೆ. ಅದಕ್ಕಿಂತ ಮೊದಲು ಇಲ್ಲಿ ಕೋಲ್ಕತ್ತದ ಜಾದವ್‌ಪುರದಲ್ಲಿ ಒಂದು ಶೇರ್ ಆಟೋ ಹತ್ತಿ, ಪಕ್ಕದಲ್ಲಿ ಕೂತವರು ಫೋನ್ ಹೇಗೆ ಹಿಡಿದಿದ್ದಾರೆ ನೋಡಿ. ಒಂದು ಕೈಯಲ್ಲಿ ಮೀನಿನ ಚೀಲ, ತೊಡೆಯ ಮೇಲೆ ಮಗು, ಉಳಿದ ಒಂದು ಕೈಯಲ್ಲಿ ಫೋನು. ಹೆಬ್ಬೆರಳು ಪರದೆಯ ಮೇಲಿನ ಮೂಲೆಗೆ ಮುಟ್ಟುವುದಿಲ್ಲ. ನಾವು ಮಾತ್ರ ಬೇಕಾದ ಗುಂಡಿಯನ್ನು ಸರಿಯಾಗಿ ಅದೇ ಮೂಲೆಯಲ್ಲಿ ಇಟ್ಟಿರುತ್ತೇವೆ.

ಇಷ್ಟು ಹೇಳಿದರೆ "ಥ್ಯಾಂಕ್ಸ್ ಮೇಡಂ" ಎಂದು ಫೋನ್ ಇಟ್ಟುಬಿಡುತ್ತಾರೆ. ಮುದುಕಿ ನಿಜವಾದ ಉತ್ತರ ಬಚ್ಚಿಟ್ಟುಕೊಂಡಿದ್ದಾಳೆ ಎಂದುಕೊಳ್ಳುತ್ತಾರೋ ಏನೋ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕೆಲಸಕ್ಕೆ ಯುಎಕ್ಸ್ ಡಿಸೈನ್ ಎನ್ನುತ್ತಾರೆ. ಒಂದು ಆ್ಯಪ್ಪನ್ನೋ ಯಂತ್ರವನ್ನೋ ಬಳಸುವವರಿಗೆ ಎಲ್ಲಿ ತೊಡಕಾಗುತ್ತದೆ ಎಂದು ಕಂಡುಹಿಡಿದು ಬಿಡಿಸುವುದು, ಅಷ್ಟೇ. ಧಾರವಾಡದ ನಮ್ಮ ದೊಡ್ಡಪ್ಪ ಮದುವೆ ಮನೆಯಲ್ಲಿ ಬೀಗರಿಗೆ ನನ್ನ ಪರಿಚಯ ಮಾಡಿಕೊಟ್ಟದ್ದು ಹೀಗೆ: "ನಮ್ಮ ಸುಮಿತ್ರಾ ಕಲಕತ್ತಾದಾಗ ಕಂಪ್ಯೂಟರಿಗೆ ಬಣ್ಣ ಹಚ್ಚತಾಳ್ರೀ." ಆಗ ಕೋಪ ಬಂದಿತ್ತು. ಮುಂದೆ ಬಣ್ಣದಿಂದಲೇ ದೊಡ್ಡ ಫಜೀತಿಗೆ ಸಿಕ್ಕಿಕೊಂಡಾಗ, ದೊಡ್ಡಪ್ಪ ಅಷ್ಟೇನೂ ತಪ್ಪು ಹೇಳಿರಲಿಲ್ಲ ಅನ್ನಿಸಿತು.

ನಾನು ಈ ಕೆಲಸಕ್ಕೆ ಓದಿ ಬಂದವಳಲ್ಲ. ಧಾರವಾಡದ ಒಂದು ಮುದ್ರಣಾಲಯದಲ್ಲಿ ಶಾಲಾ ಗೈಡುಗಳ ಪುಟ ಜೋಡಿಸುತ್ತಿದ್ದೆ. ಮದುವೆಯಾಯಿತು. ಯಜಮಾನರಿಗೆ ಜಾದವ್‌ಪುರದಲ್ಲಿ ರಸಾಯನಶಾಸ್ತ್ರ ಕಲಿಸುವ ಕೆಲಸ ಸಿಕ್ಕಿ ಇಬ್ಬರೂ ಇಲ್ಲಿಗೆ ಬಂದೆವು. ನ್ಯೂ ಟೌನಿನ ಒಂದು ಕಂಪನಿ, ಪುಟ ಜೋಡಿಸಲು ಬರುವವರಿಗೆ ಪರದೆ ಜೋಡಿಸುವುದೂ ಬಂದೀತು ಎಂದು ನಂಬಿ ನನ್ನನ್ನು ತೆಗೆದುಕೊಂಡಿತು. ಹಾಗೆ ನಂಬಿದವರು ದೇಬಾಶಿಶ್-ದಾ, ಎಂದರೆ ದೇಬಾಶಿಶಣ್ಣ. ಕೊನೆಯವರೆಗೂ ಅವರೇ ನನ್ನ ಮೇಲಧಿಕಾರಿ.

ದೇಬಾಶಿಶ್-ದಾ ಗುಂಡಗಿನ, ಮೆಲುದನಿಯ ಮನುಷ್ಯ. ಗಿರಾಕಿ ಕಂಪನಿಯವರು ಏನು ಕೇಳಿದರೂ "ಹೋಬೇ, ಹೋಬೇ" ಎನ್ನುತ್ತಿದ್ದರು. ಆಗುತ್ತೆ, ಆಗುತ್ತೆ ಎಂದರ್ಥ. ಆಗಿಸಬೇಕಾದವರು ನಾವು. ಆದರೂ ಅವರು ಕಲಿಸಿದ ಒಂದು ಉಪಾಯಕ್ಕೆ ನಾನು ಜೀವನವಿಡೀ ಋಣಿ. ಬಳಕೆದಾರರನ್ನು ಮಾತನಾಡಿಸಲು ಹೊರಟಾಗ ಅವರ ಚೀಲದಲ್ಲಿ ಒಂದು ಡಬ್ಬಿ ಸಂದೇಶ್ ಎಂಬ ಹಾಲಿನ ಸಿಹಿ ಇರುತ್ತಿತ್ತು, ಚಳಿಗಾಲವಾದರೆ ಈಚಲು ಬೆಲ್ಲದ್ದು. ಅದು ಬಳಕೆದಾರರಿಗೆ ಕೊಡಲೆಂದು ನಾನು ತಿಳಿದಿದ್ದೆ.

"ಅರೇ ಇಲ್ಲ ಸುಮಿತ್ರಾ, ಇದು ನಿನಗೆ," ಎಂದರು. "ಪ್ರಶ್ನೆ ಕೇಳು, ಕೇಳಿದ ತಕ್ಷಣ ಒಂದು ತುಂಡು ಬಾಯಿಗೆ ಹಾಕಿಕೋ. ಅದು ಕರಗುವವರೆಗೆ ನೀನು ಮಾತಾಡೋ ಹಾಗಿಲ್ಲ."

ಈ ಕೆಲಸದಲ್ಲಿ ಅತ್ಯಂತ ಕಷ್ಟದ ಸಂಗತಿ ಸುಮ್ಮನಿರುವುದು. ಎದುರಿನವರು ಪರದೆ ನೋಡುತ್ತ ತಡವರಿಸಿದಾಗ "ಆ ನೀಲಿ ಗುಂಡಿ ಒತ್ತಿ" ಎಂದು ಹೇಳಲು ನಾಲಿಗೆ ತುರಿಸುತ್ತದೆ. ಹೇಳಿದೆವೋ, ಆವತ್ತಿನ ಕೆಲಸ ಮಣ್ಣುಪಾಲು. ಅವರು ತಡವರಿಸುವುದನ್ನು ನೋಡಲೆಂದೇ ನಾವು ಹೋಗಿರುವುದು. ನನ್ನ ತೂಕ ಏರಿದ್ದು ಈ ಶಿಸ್ತಿನಿಂದ.

ನನಗೆ ಬಂಗಾಳಿ ಬಾರದಿದ್ದದ್ದು ಇನ್ನೊಂದು ಅನುಕೂಲವಾಯಿತು. ಇಲ್ಲಿ ನೀರನ್ನೂ ತಿನ್ನುತ್ತಾರೆ, ಚಹಾವನ್ನೂ ತಿನ್ನುತ್ತಾರೆ. ಬಂಗಾಳಿಯಲ್ಲಿ ಎರಡಕ್ಕೂ ಒಂದೇ ಕ್ರಿಯಾಪದ. ಮೊದಲ ವಾರ ನಾನು ಬರೆದುಕೊಂಡ ಟಿಪ್ಪಣಿಯಲ್ಲಿ "ಗಿರಾಕಿ ಚಹಾ ತಿಂದರು" ಎಂದಿತ್ತು. ಗರಿಯಾಹಾಟಿನ ಸೀರೆ ಅಂಗಡಿಗಳಿಗೆ ಬಿಲ್ಲಿನ ಆ್ಯಪ್ ಮಾಡುವಾಗ ಒಬ್ಬ ಅಂಗಡಿಯವರನ್ನು ನನ್ನ ಮುರುಕು ಬಂಗಾಳಿಯಲ್ಲಿ ಕೇಳಿದೆ: "ಬಿಲ್ಲು ಯಾವಾಗ ಮಾಡ್ತೀರಿ?" ಪಾಪ, ಈ ಹೆಂಗಸಿಗೆ ಏನೂ ಗೊತ್ತಿಲ್ಲ ಎಂದುಕೊಂಡು ಅವರು ಒಂದನೆಯ ತರಗತಿಯ ಮೇಷ್ಟ್ರಂತೆ ಬಿಡಿಸಿ ಹೇಳಿದರು. "ನೋಡಿ ದಿದಿ, ಮೊದಲು ಆಯಮ್ಮ ಸೀರೆ ನೋಡ್ತಾಳೆ. ನಾನು ಬೆಲೆ ಹೇಳ್ತೀನಿ. ಆಕೆ ಎದ್ದು ಹೋಗ್ತಾಳೆ. ಪಕ್ಕದ ಅಂಗಡಿ ಸುತ್ತಿ ವಾಪಸ್ ಬರ್ತಾಳೆ. ಅಷ್ಟು ಹೊತ್ತು ಆ ಸೀರೆಯನ್ನ ನಾನು ಯಾರಿಗೂ ತೋರಿಸಲ್ಲ." ನಮ್ಮ ಆ್ಯಪ್ಪಿನಲ್ಲಿ ಸೀರೆ ಒಂದೋ ಮಾರಾಟವಾಗಿರಬೇಕಿತ್ತು, ಇಲ್ಲವೋ ಆಗಿರಬಾರದಿತ್ತು. ಎದ್ದು ಹೋದವಳಿಗಾಗಿ ಕಾಯುವ ಸೀರೆಗೆ ಅದರಲ್ಲಿ ಜಾಗವೇ ಇರಲಿಲ್ಲ. ಬಂಗಾಳಿ ಸಹೋದ್ಯೋಗಿಗಳಿಗೆ ಇದೆಲ್ಲ ಹುಟ್ಟಿನಿಂದ ಗೊತ್ತು. ಹಾಗಾಗಿ ಅವರು ಕೇಳಿಯೂ ಇರಲಿಲ್ಲ, ಯಾರೂ ಅವರಿಗೆ ಹೇಳಿಯೂ ಇರಲಿಲ್ಲ. ವರ್ಷಗಳು ಕಳೆದು ನನ್ನ ಬಂಗಾಳಿ ಸುಧಾರಿಸಿದ ಮೇಲೆ ಜನ ನನಗೂ ಬಿಡಿಸಿ ಹೇಳುವುದನ್ನು ನಿಲ್ಲಿಸಿಬಿಟ್ಟರು. ಆಮೇಲೆ ಕೆಲವು ಸಲ ಬಾರದವಳಂತೆ ನಟಿಸಿದ್ದೂ ಉಂಟು.

ಆಗ ಪರದೆಗಳನ್ನು ಕಾಗದದ ಮೇಲೆ ಮಾಡುತ್ತಿದ್ದೆವು. ರಟ್ಟಿನಲ್ಲಿ ಫೋನಿನ ಚೌಕಟ್ಟು ಕತ್ತರಿಸಿ, ಅದರೊಳಗೆ ಕೈಯಿಂದ ಬರೆದ ಚೀಟಿ ಇಟ್ಟು, ಬಳಕೆದಾರರು ಬೆರಳಿಟ್ಟ ಕಡೆಗೆ ತಕ್ಕಂತೆ ಚೀಟಿ ಬದಲಿಸುವುದು. ಬದಲಿಸುವವರಿಗೆ ನಾವು ಕಂಪ್ಯೂಟರ್ ಎನ್ನುತ್ತಿದ್ದೆವು. ಒಮ್ಮೆ ದೇಬಾಶಿಶ್-ದಾ ಕಂಪ್ಯೂಟರ್ ಆಗಿದ್ದಾಗ ಒಬ್ಬ ಅಜ್ಜಿ, "ನಿಮ್ಮ ಕಂಪ್ಯೂಟರ್ ಬಹಳ ನಿಧಾನ, ಆದರೆ ಮುಖದಲ್ಲಿ ಕಳೆ ಇದೆ" ಎಂದಿದ್ದರು. ಆಮೇಲೆ ಕತ್ತರಿ, ಗೋಂದು ಹೋಗಿ ಸಾಫ್ಟ್‌ವೇರ್ ಬಂತು. ಈಗ ಯಂತ್ರಕ್ಕೆ ಬಾಯಲ್ಲಿ ಹೇಳಿದರೆ ಚಹಾ ಆರುವುದರೊಳಗೆ ರಾಶಿ ಪರದೆ ಮಾಡಿಕೊಡುತ್ತದೆ. ಒಂದಕ್ಕಿಂತ ಒಂದು ಚೆಂದ. ಚೆಂದದ ಪರದೆ ಏನು ಮಾಡಬಲ್ಲದು ಎಂದು ನನಗೆ ತಿಳಿದದ್ದು ರಕ್ತಪರೀಕ್ಷೆಯ ಆ್ಯಪ್ ಮಾಡಿದಾಗ. ಅದನ್ನೇ ವಿವರವಾಗಿ ಹೇಳುತ್ತೇನೆ.

ನಗರದಲ್ಲಿ ಹಲವು ಶಾಖೆಗಳಿದ್ದ ಒಂದು ಲ್ಯಾಬ್ ನಮ್ಮ ಗಿರಾಕಿ. ರಕ್ತ ಕೊಟ್ಟು ಮನೆಗೆ ಹೋದವರಿಗೆ ರಿಪೋರ್ಟ್ ಫೋನಿನಲ್ಲೇ ಬರಬೇಕು. ನನ್ನ ಜೊತೆ ಕೆಲಸಕ್ಕಿದ್ದವಳು ಆಫ್ರೀನ್, ಬೆಂಗಳೂರಿನ ಶಿವಾಜಿನಗರದ ಹುಡುಗಿ. ಎಲ್ಲರೆದುರು ಸುಮಿತ್ರಾ-ದಿ ಎನ್ನುವಳು, ಕನ್ನಡಕ್ಕೆ ಹೊರಳಿದರೆ ಅಕ್ಕ. ಇಬ್ಬರೂ ಸೇರಿ ಮಿತಿ ಮೀರಿದ ಅಂಕಿಗಳನ್ನೆಲ್ಲ ಗಾಢ ಕೆಂಪು ಪಟ್ಟಿಯೊಳಗೆ ಬಿಳಿ ಅಕ್ಷರದಲ್ಲಿ ಕೂರಿಸಿದೆವು. ಪಕ್ಕದಲ್ಲೊಂದು ಮೇಲ್ಮುಖ ಬಾಣ, ಅದರ ಮೇಲೆ ಆಶ್ಚರ್ಯಚಿಹ್ನೆಯಿದ್ದ ತ್ರಿಕೋನ. ಪ್ರಯೋಗಕ್ಕೆ ಬಂದವರೆಲ್ಲ ಕಣ್ಣು ಹಾಯಿಸಿದ ಕೂಡಲೇ ಅಂಕಿ ಹುಡುಕಿಕೊಟ್ಟರು. ನಾವು ಬೀಗಿದೆವು. ಹುಡುಕಿದ ಮೇಲೆ ಅವರು ಏನು ಮಾಡುತ್ತಾರೆ ಎಂದು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಆ್ಯಪ್ ಹೊರಬಿದ್ದು ಸ್ವಲ್ಪ ದಿನಕ್ಕೆ, ಒಂದು ಬೆಳಿಗ್ಗೆ, ನಮ್ಮ ಆಫೀಸಿನ ಬಾಗಿಲ ಬಳಿ ನಾಟಕದ ರಾಜನಂಥ ಕಂಠವೊಂದು ಮೊಳಗಿತು.

"ಕೆಂಪು ಬಣ್ಣ ಹಚ್ಚಿದವರು ಯಾರು?"

ಇಸ್ತ್ರಿ ಮಾಡಿದ ಧೋತಿ, ಪಂಜಾಬಿ ಜುಬ್ಬ, ಕಂಕುಳಲ್ಲಿ ಕೊಡೆ. ಹೆಸರು ನಿರ್ಮಲ್‌ಬಾಬು. ವಿಮಾ ಆಫೀಸಿನಿಂದ ನಿವೃತ್ತರಾದವರು, ಬಡಾವಣೆಯ ಹವ್ಯಾಸಿ ನಾಟಕಗಳಲ್ಲಿ ಖಾಯಂ ರಾಜ. ಆ್ಯಪ್ಪಿನ ಕೊನೆಯ ಪುಟದಲ್ಲಿ ನಮ್ಮ ಕಂಪನಿಯ ಹೆಸರು ಹುಡುಕಿ, ಜಾದವ್‌ಪುರದಿಂದ ಬಸ್ಸು ಬದಲಿಸುತ್ತ ನ್ಯೂ ಟೌನಿಗೆ ಬಂದಿದ್ದರು.

ದೇಬಾಶಿಶ್-ದಾ ಅವರನ್ನು ಕೂರಿಸಿ, ಚಹಾ ತರಿಸಿ, "ಹೇಳಿ" ಎಂದು ತಾವೊಂದು ಸಂದೇಶ್ ಬಾಯಿಗೆ ಹಾಕಿಕೊಂಡರು. ನಿರ್ಮಲ್‌ಬಾಬು ಹೇಳಿದರು.

ಅವರು ಸುಮ್ಮನೆ ವರ್ಷಕ್ಕೊಮ್ಮೆ ಮಾಡಿಸುವ ತಪಾಸಣೆ ಮಾಡಿಸಿದ್ದರು. ಸಂಜೆ ಫೋನು ಟಿಂಗ್ ಎಂದಿತು. ನೋಡಿದರೆ ಕೆಂಪು ಪಟ್ಟಿ, ಬಾಣ, ತ್ರಿಕೋನ. ಯೂರಿಕ್ ಆಸಿಡ್. ಅವರ ಡಾಕ್ಟರು ಸಂಸಾರ ಸಮೇತ ಡಾರ್ಜಿಲಿಂಗಿಗೆ ಹೋಗಿದ್ದರು. ಹೆಂಡತಿ ತೀರಿಕೊಂಡ ಮೇಲೆ ನಿರ್ಮಲ್‌ಬಾಬು ಒಬ್ಬರೇ. ತಮ್ಮ ಆಟ ಮುಗಿಯಿತು ಎಂದು ಅವರು ತೀರ್ಮಾನಿಸಿದರು.

"ಬೆಳಿಗ್ಗೆ ಎದ್ದು ನನ್ನ ಹಾರ್ಮೋನಿಯಂ ತಂಗಿ ಮಗಳು ಮಿಠುಗೆ ಕೊಟ್ಟುಬಿಟ್ಟೆ. ಆಶೀರ್ವಾದ ಮಾಡಿ ಕೊಟ್ಟೆ. ಸಿಲಿಗುರಿಯಲ್ಲಿರೋ ಅಕ್ಕನಿಗೆ ಫೋನ್ ಮಾಡಿದೆ. ಒಂದು ಮದುವೆ ಪಂಕ್ತಿಯ ಜಗಳದಿಂದ ನಾವು ಮಾತು ಬಿಟ್ಟಿದ್ವಿ. ಇಬ್ಬರೂ ಅತ್ತೆವು. ಮೀನು ತಿನ್ನೋದು ಬಿಟ್ಟೆ. ಆಮೇಲೆ ಡಾಕ್ಟರು ಬಂದರು. ರಿಪೋರ್ಟ್ ನೋಡಿ ಏನಂದರು ಗೊತ್ತಾ? 'ಕೂದಲೆಳೆಯಷ್ಟು ಜಾಸ್ತಿ ಇದೆ ನಿರ್ಮಲ್‌ದಾ, ಮಟನ್ ಕಡಿಮೆ ಮಾಡಿ.' ಅಷ್ಟೇ! ಮಟನ್ ಕಡಿಮೆ ಮಾಡಿ!"

ಆಫ್ರೀನ್ ನಗು ತಡೆಯಲಾಗದೆ ಮೇಜಿನ ಕೆಳಗೆ ಏನೋ ಹುಡುಕುವವಳಂತೆ ಬಗ್ಗಿದಳು.

"ಅಕ್ಕ ಮಾತಾಡಿದ್ದು ಒಳ್ಳೇದೇ ಆಯ್ತು. ಅದಕ್ಕೆ ನಿಮಗೆ ನಾನು ಧನ್ಯವಾದ ಹೇಳಲ್ಲ. ಆದರೆ ಮಿಠುವಿನ ಮಗಳು ಆ ಹಾರ್ಮೋನಿಯಂನಲ್ಲಿ ಸರಿಗಮ ಶುರು ಮಾಡಿದ್ದಾಳೆ. ಈಗ ಯಾವ ಮುಖ ಇಟ್ಟುಕೊಂಡು ವಾಪಸ್ ಕೇಳಲಿ? ನೀವು ಕೊಡಿಸಿ."

ಆಮೇಲೆ ಅವರ ದನಿ ತಗ್ಗಿತು. "ಆ ದಿನಗಳಲ್ಲಿ ಸಂಜೆಯಾದರೆ ಮನೆಯ ದೀಪವೆಲ್ಲ ಹಾಕಿಕೊಂಡು ಕೂರ್ತಿದ್ದೆ. ಕತ್ತಲಾದರೆ ಆ ಕೆಂಪು ಕಣ್ಣಿಗೆ ಕಟ್ತಿತ್ತು."

ಆಫ್ರೀನ್ ಮೇಲೆದ್ದು ಕೂತಳು. ಅವಳ ಮುಖದಲ್ಲಿ ನಗು ಇರಲಿಲ್ಲ. ಅವರು ಹೋದ ಮೇಲೆ, "ಅಕ್ಕಾ, ಆ ತ್ರಿಕೋನ ಹಾಕಿದ್ದು ನಾನು" ಎಂದಳು. "ಕೆಂಪು ಆರಿಸಿದ್ದು ನಾನವ್ವ" ಎಂದೆ.

ಹಾರ್ಮೋನಿಯಂ ಬಿಡಿಸಿಕೊಳ್ಳಲು ನಾವಿಬ್ಬರೂ ನಿಜವಾಗಿಯೂ ಮಿಠುವಿನ ಮನೆಗೆ ಹೋದೆವು. ಯುಎಕ್ಸ್ ಡಿಸೈನರ್ ಕೆಲಸದ ವಿವರಣೆಯಲ್ಲಿ ಇದು ಎಲ್ಲೂ ಇಲ್ಲ. ಮಿಠು ಮೈದಾ ಪೂರಿಯಂಥ ಲೂಚಿ ಕರಿದು ಬಡಿಸಿದಳು, ಹಾರ್ಮೋನಿಯಂ ಮಾತ್ರ ಬಿಡಲಿಲ್ಲ. "ಮಾಮಾ ಬಂದು ಹುಡುಗಿಗೆ ಕಲಿಸಲಿ. ವಾದ್ಯ ಇಲ್ಲಿರುತ್ತೆ, ಮಾಮಾನೂ ವಾರಕ್ಕೊಮ್ಮೆ ಇಲ್ಲಿರ್ತಾರೆ" ಎಂದಳು. ನಿರ್ಮಲ್‌ಬಾಬು ಇದಕ್ಕೆ ಗೊಣಗುತ್ತ ಒಪ್ಪಿದರು. ಭಾನುವಾರದ ಲೂಚಿಗೆ ಗೊಣಗಿದ್ದು ಕೇಳಿಲ್ಲ.

ನಾವು ಕೆಂಪನ್ನು ಕಿತ್ತು ಹಾಕಿದೆವು. ಬಾಣ, ತ್ರಿಕೋನ ಹೋದವು. ಮಿತಿ ಮೀರಿದ ಅಂಕಿಯ ಪಕ್ಕ ಸಾಸಿವೆ ಬಣ್ಣದ ಒಂದು ಪುಟ್ಟ ಚುಕ್ಕೆ, ಕೆಳಗೆ ಬಂಗಾಳಿಯಲ್ಲಿ ಮೃದುವಾದ ಒಂದು ಸಾಲು: ಮುಂದಿನ ಸಲ ವೈದ್ಯರನ್ನು ಕಂಡಾಗ ಇದರ ಬಗ್ಗೆ ಕೇಳಿ. ಆ ಸಾಲನ್ನು ಎಷ್ಟು ಸಲ ತಿದ್ದಿದೆವೋ. ಕೊನೆಗೆ ಪರದೆ ಬೆಳಗಿನ ಕೊಳದಂತೆ ತಣ್ಣಗೆ ಕಾಣುತ್ತಿತ್ತು.

ಪ್ರಯೋಗಕ್ಕೆ ನಿರ್ಮಲ್‌ಬಾಬುವನ್ನೇ ಕರೆದೆವು. ಅವರು ರೇಷ್ಮೆ ಜುಬ್ಬ ಹಾಕಿಕೊಂಡು ಬಂದರು. ನಮ್ಮಲ್ಲಿ ಒಂದು ಗಾಜಿನ ಕೋಣೆ ಇತ್ತು. ಬಳಕೆದಾರರು ಒಳಗೆ, ನಾವು ಹೊರಗೆ. ಆ ದಿನ ಲ್ಯಾಬಿನ ಡಾಕ್ಟರ್ ಲಾಹಿರಿ ಕೂಡ ನಮ್ಮ ಜೊತೆ ಕೂತಿದ್ದರು. ತೆಳ್ಳಗಿನ, ಹೆಚ್ಚು ಮಾತಿಲ್ಲದ ಹೆಂಗಸು. ಪ್ರಯೋಗಕ್ಕೆಂದು ಕಾಲ್ಪನಿಕ ರೋಗಿಯೊಬ್ಬನ ರಿಪೋರ್ಟನ್ನು ಅವರೇ ತಯಾರಿಸಿ ಕೊಟ್ಟಿದ್ದರು. ಅದರ ಅಂಕಿಗಳ ಅರ್ಥ ನಮಗೆ ಗೊತ್ತಿರಲಿಲ್ಲ.

ನಿರ್ಮಲ್‌ಬಾಬು ಕನ್ನಡಕ ಏರಿಸಿ ಓದಿದರು. "ವಾಹ್! ಈಗ ಮನುಷ್ಯರು ನೋಡೋ ಹಾಗಿದೆ. ಪೊಟ್ಯಾಶಿಯಂ ಹತ್ತಿರ ಒಂದು ಚುಕ್ಕೆ ಇದೆ. ಇರಲಿ. ಮುಂದಿನ ತಿಂಗಳು ಡಾಕ್ಟರ್ ಹತ್ತಿರ ಹೋದಾಗ ಕೇಳಿದರಾಯ್ತು."

ಗಾಜಿನ ಈಚೆ ಆಫ್ರೀನ್ ನನ್ನ ಕೈ ಹಿಡಿದು ಅದುಮಿದಳು. ದೇಬಾಶಿಶ್-ದಾ ಮುಖ ಅರಳಿತು. ಡಾಕ್ಟರ್ ಲಾಹಿರಿ ಮಾತ್ರ ಗಾಜಿನಾಚೆಗೇ ನೋಡುತ್ತಿದ್ದರು.

"ಆ ಪೊಟ್ಯಾಶಿಯಂ ಇರುವ ಮನುಷ್ಯ ಈಗಲೇ ಆಸ್ಪತ್ರೆಗೆ ಹೋಗಬೇಕು," ಎಂದರು. "ಮುಂದಿನ ತಿಂಗಳು ಅಂದರೆ ಅವನು ಇರೋದಿಲ್ಲ. ಹೃದಯ ನಿಂತುಹೋಗುತ್ತೆ."

ಆಫ್ರೀನ್ ನನ್ನ ಕೈ ಬಿಟ್ಟಳು. ಒಳಗೆ ನಿರ್ಮಲ್‌ಬಾಬು ಇನ್ನೂ ನಮ್ಮ ಪರದೆಯನ್ನು ಹೊಗಳುತ್ತಲೇ ಇದ್ದರು.

ನಾನು ಆ ಸಂಜೆ ಬಸ್ಸಿನಲ್ಲಿ ಮನೆಗೆ ಬರುವಾಗ ನನ್ನ ನಿಲ್ದಾಣ ದಾಟಿ ಮುಂದೆ ಹೋಗಿದ್ದೆ. ಏನೂ ಕಾಯಿಲೆ ಇಲ್ಲದವರನ್ನು ಸಾಯುವಷ್ಟು ಹೆದರಿಸಿದ್ದೆವು. ಅದನ್ನು ಸರಿಪಡಿಸಲು ಹೋಗಿ, ಸಾಯುವವರಿಗೆ ಜೋಗುಳ ಹಾಡುವ ಪರದೆ ಮಾಡಿದ್ದೆವು. ಆ ಡಾಕ್ಟರು ಬಾರದೆ ಇದ್ದಿದ್ದರೆ, ಅದನ್ನೇ ಅಲಂಕರಿಸಿ ಊರಿಗೆಲ್ಲ ಹಂಚುತ್ತಿದ್ದೆವು.

ಮುಂದಿನ ದಿನಗಳಲ್ಲಿ ನಾವು ಮಾಡದ ಪ್ರಯೋಗವಿಲ್ಲ. ಸಣ್ಣ ಏರಿಕೆಗೆ ಒಂದು ಬಣ್ಣ, ಅಪಾಯಕ್ಕೆ ಇನ್ನೊಂದು. ಕೆಲವರಿಗೆ ಬಣ್ಣದ ವ್ಯತ್ಯಾಸವೇ ಕಾಣಲಿಲ್ಲ. ದೊಡ್ಡ ಅಕ್ಷರದ ಎಚ್ಚರಿಕೆ ಹಾಕಿದೆವು. ಒಬ್ಬರು ಅದನ್ನು ಜಾಹೀರಾತೆಂದು ತಿಳಿದು ಪಕ್ಕಕ್ಕೆ ಸರಿಸಿದರು. ಇನ್ನೊಬ್ಬರು ಓದಿ ಬೆವೆತು, ಆಸ್ಪತ್ರೆಗೆ ಹೋಗುವುದು ಬಿಟ್ಟು, ಅದರ ಫೋಟೋವನ್ನು ನೆಂಟರಿಗೆಲ್ಲ ಕಳಿಸಿ ಉತ್ತರಕ್ಕೆ ಕಾಯುತ್ತ ಕೂತರು.

ಆಫ್ರೀನ್ ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತ ಹೇಳಿದಳು. "ಅಕ್ಕಾ, ನಮ್ಮಜ್ಜಿಗೆ ಸ್ಟ್ರೋಕ್ ಆದಾಗ ಅಮ್ಮ ನಂಗೆ ಮೆಸೇಜ್ ಹಾಕಿರ್ಲಿಲ್ಲ. ಫೋನ್ ಮಾಡಿದ್ರು. ಅಂಥದ್ದನ್ನ ಯಾರಾದ್ರೂ ಮೆಸೇಜಲ್ಲಿ ಹೇಳ್ತಾರಾ? ನಾವ್ಯಾಕೆ ಸ್ಕ್ರೀನ್ ಕೈಲಿ ಹೇಳ್ಸೋಕೆ ಹೋಗ್ತಿದೀವಿ?"

ನಾನು ಅವಳ ಮುಖ ನೋಡಿದೆ. "ಇದನ್ನ ಮೊದಲ ಹೇಳಬಾರದೇನವಾ?"

"ನಂಗೂ ಈಗ್ಲೇ ಹೊಳ್ದಿದ್ದು, ಅಕ್ಕಾ."

ಹೀಗೆ ಹೊಸ ಯೋಜನೆ ಸಿದ್ಧವಾಯಿತು. ಸಣ್ಣ ಏರುಪೇರಿಗೆ ಸಾಸಿವೆ ಚುಕ್ಕೆ ಸಾಕು. ಜೀವಕ್ಕೆ ಅಪಾಯವಿರುವ ಅಂಕಿ ಬಂದರೆ ಫೋನು ಟಿಂಗ್ ಎನ್ನುವ ಮೊದಲೇ ಲ್ಯಾಬಿನ ಒಬ್ಬರು ಆ ಮನೆಗೆ ಕರೆ ಮಾಡಬೇಕು. ಕಳಿಸಿದ ವೈದ್ಯರಿಗೆ ತಿಳಿಸುವ ರೂಢಿ ಲ್ಯಾಬಿನಲ್ಲಿ ಇತ್ತು. ಆದರೆ ವೈದ್ಯರ ಚೀಟಿಯಿಲ್ಲದೆ ತಾವೇ ಬಂದು ರಕ್ತ ಕೊಡುವವರಿಗೆ ತಿಳಿಸುವವರು ಯಾರೂ ಇರಲಿಲ್ಲ.

ಲ್ಯಾಬಿನ ಮ್ಯಾನೇಜರರಿಗೆ ಇದು ಹಿಡಿಸಲಿಲ್ಲ. "ನಾವು ಕೇಳಿದ್ದು ಆ್ಯಪ್. ಫೋನ್ ಮಾಡಲು ಜನ ಇಡೋದಾದರೆ ನೀವು ಯಾಕೆ ಬೇಕು? ಎಚ್ಚರಿಕೆ ಸಾಲು ಹಾಕಿ, ಈ ವಾರ ಕೊಟ್ಟುಬಿಡಿ. ಓದೋದು ಬಿಡೋದು ಅವರ ಜವಾಬ್ದಾರಿ."

ನಾನು ದೇಬಾಶಿಶ್-ದಾ ಕಡೆ ನೋಡಿದೆ. ಅವರ ಬಾಯಿಂದ ಬರಲಿರುವ "ಹೋಬೇ, ಹೋಬೇ" ನನ್ನ ಕಿವಿಗೆ ಆಗಲೇ ಕೇಳಿಸತೊಡಗಿತ್ತು. ಅವರು ನೀರಿನ ಲೋಟ ಎತ್ತಿ, ಕುಡಿಯದೆ ಕೆಳಗಿಟ್ಟರು.

"ಹೋಬೇ ನಾ," ಎಂದರು. ಆಗೋದಿಲ್ಲ. "ಈ ಪರದೆಯನ್ನು ನಾವು ಹೀಗೆ ಕೊಡೋದಿಲ್ಲ."

ಅವರು ಹಾಗೆ ಅಂದದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಮ್ಯಾನೇಜರರು ಎದ್ದು ಹೋದರು. ಹಿಂದಿರುಗುವಾಗ ಲಿಫ್ಟಿನಲ್ಲಿ ದೇಬಾಶಿಶ್-ದಾ ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ, "ಸುಮಿತ್ರಾ, ಸಂದೇಶ್ ಡಬ್ಬಿ ತೆಗಿ" ಎಂದರು. ಕೈತಪ್ಪಲಿದ್ದ ಗಿರಾಕಿ ನಮ್ಮ ಪಾಲಿಗೆ ಚಿಕ್ಕವರಾಗಿರಲಿಲ್ಲ. ಆಫೀಸಿನಲ್ಲಿ ಕೆಲವರು ನಮ್ಮ ಜೊತೆ ಮಾತು ಬಿಟ್ಟರು. ಆಫ್ರೀನ್ ಗುಟ್ಟಾಗಿ ಬೇರೆ ಕಡೆ ಅರ್ಜಿ ಹಾಕುವ ಯೋಚನೆಯಲ್ಲಿದ್ದಳೆಂದು ನನಗೆ ಆಮೇಲೆ ತಿಳಿಯಿತು.

ಗಂಟು ಬಿಡಿಸಿದವರು ಡಾಕ್ಟರ್ ಲಾಹಿರಿ. ಅವರು ತಮ್ಮ ಮ್ಯಾನೇಜರರ ಬಳಿ ಹೋಗಿ, ಒಂದು ಶಾಖೆಯಲ್ಲಿ ಪ್ರಯತ್ನಿಸೋಣ, ಕರೆ ನಾನೇ ಮಾಡುತ್ತೇನೆ, ನನಗೆ ಹೊಸ ಜನ ಬೇಡ ಎಂದರಂತೆ. ಬಹಳ ದಿನ ಸತಾಯಿಸಿ ಮ್ಯಾನೇಜರರು ಜಾದವ್‌ಪುರದ ಶಾಖೆಗೆ ಮಾತ್ರ ಒಪ್ಪಿಗೆ ಕೊಟ್ಟರು.

ಈಗ ಹೊಸ ತಲೆನೋವು. ಫೋನೆತ್ತಿದವರಿಗೆ ಮೊದಲ ಮಾತು ಏನು ಹೇಳುವುದು? ಅದನ್ನೂ ನಾವು ಡಿಸೈನ್ ಮಾಡಬೇಕಿತ್ತು. "ಹೆದರಬೇಡಿ" ಎಂದು ಶುರು ಮಾಡಿದರೆ ಒಳ್ಳೆಯದೆಂದು ನನಗೆ ತೋರಿತು. ಪರೀಕ್ಷಿಸಲು ಕಾಲೇಜಿನಲ್ಲಿದ್ದ ನಮ್ಮ ಯಜಮಾನರಿಗೆ ಫೋನ್ ಮಾಡಿದೆ.

"ರೀ, ಹೆದರಬ್ಯಾಡ್ರಿ. ನಿಮಗ ಒಂದು ಮಾತು ಹೇಳಬೇಕಾಗೇತಿ."

"ಯಾಕ? ಏನಾತು? ಎಲ್ಲಿದ್ದಿ ನೀ? ಬಿದ್ದೇನು? ಯಾರರ ಬಾಜೂಕ ಇದ್ದರ ಅವರ ಕೈಯಾಗ ಫೋನ್ ಕೊಡು!"

ಇದು ಪ್ರಯೋಗ ಎಂದು ಹೇಳಿದ ಮೇಲೆ ಅವರು ಬೈದದ್ದನ್ನು ಇಲ್ಲಿ ಬರೆಯಲಾರೆ. "ಹೆದರಬೇಡಿ" ಹೊಡೆದುಹಾಕಿದೆವು. "ಕೂತಿದ್ದೀರಾ?" ಎಂಬುದೂ ಹೋಯಿತು; ಅದನ್ನು ಕೇಳಿದವರೆಲ್ಲ ನಿಂತುಬಿಡುತ್ತಿದ್ದರು. ಕೊನೆಗೆ ಉಳಿದದ್ದು ಇಷ್ಟು: "ನಾನು ಲ್ಯಾಬಿನ ಡಾಕ್ಟರು. ನೀವು ಈಗಲೇ ಒಂದು ಕೆಲಸ ಮಾಡಬೇಕು. ಏನು ಮಾಡಬೇಕು ಅಂತ ನಾನು ಹೇಳ್ತೀನಿ, ಫೋನ್ ಇಡಬೇಡಿ." ಕೈಗೊಂದು ಕೆಲಸ ಕೊಟ್ಟರೆ ಜನ ಅದರ ಹಿಂದೆ ಹೋಗುತ್ತಾರೆ, ಹೆದರಿಕೆಯ ಹಿಂದೆ ಹೋಗುವುದಿಲ್ಲ ಎಂದು ಪ್ರಯೋಗ ಮಾಡುತ್ತ ಮಾಡುತ್ತ ಗೊತ್ತಾಯಿತು.

ಶಾಖೆಯ ಹಿಂದಿನ ಕೋಣೆಯಲ್ಲಿ ನಾನೂ ಆಫ್ರೀನೂ ಡಾಕ್ಟರ್ ಲಾಹಿರಿ ಪಕ್ಕ ಕೂತು ಕಾದೆವು. ಅಪಾಯದ ಅಂಕಿ ಬರಲಿ ಎಂದು ಕಾಯುವುದು ವಿಚಿತ್ರ ಸಂಗತಿ. ಬಾರದಿದ್ದ ದಿನ ಬೇಸರವಾಗುತ್ತಿತ್ತು, ಬೇಸರವಾದದ್ದಕ್ಕೆ ನಾಚಿಕೆಯಾಗುತ್ತಿತ್ತು.

ಒಂದು ಬೆಳಿಗ್ಗೆ ಬಂತು. ಪೊಟ್ಯಾಶಿಯಂ. ಹೆಸರು ಮಾಲತಿ, ಪರಿಚಯದವರೊಬ್ಬರ ಮಾತು ಕೇಳಿ, ಕಾಲು ಸೋಲುತ್ತದೆಂದು ತಾನೇ ಬಂದು ರಕ್ತ ಕೊಟ್ಟು ಹೋಗಿದ್ದಾಕೆ. ಡಾಕ್ಟರು ಸ್ಪೀಕರ್ ಹಾಕಿ ಕರೆ ಮಾಡಿದರು. ಆ ಕಡೆ ಏನೋ ಕುದಿಯುವ ಸದ್ದು.

"ನಾನು ಲ್ಯಾಬಿನ ಡಾಕ್ಟರು. ನೀವು ಈಗಲೇ ಒಂದು ಕೆಲಸ ಮಾಡಬೇಕು."

"ಅನ್ನಕ್ಕಿಟ್ಟಿದ್ದೀನಿ. ಆಮೇಲೆ ಮಾಡ್ತೀನಿ."

ಈ ಉತ್ತರ ನಮ್ಮ ಯಾವ ಪ್ರಯೋಗದಲ್ಲೂ ಬಂದಿರಲಿಲ್ಲ. ಆಫ್ರೀನ್ ನನ್ನ ಸೆರಗು ಹಿಡಿದುಕೊಂಡಳು. ನಾವು ಬರೆದುಕೊಟ್ಟಿದ್ದ ಹಾಳೆಯನ್ನು ಡಾಕ್ಟರು ಪಕ್ಕಕ್ಕೆ ತಳ್ಳಿದರು.

"ಮಾಲತಿ, ಮೊದಲ ಕೆಲಸ ಗ್ಯಾಸ್ ಆರಿಸೋದು. ಆರಿಸಿ. ನಾನು ಕೇಳಿಸಿಕೊಳ್ತಾ ಇದ್ದೀನಿ."

"ಅನ್ನ ಅರ್ಧ ಬೆಂದಿದೆ, ಡಾಕ್ಟರ್-ದಿ."

"ಅರ್ಧ ಬೇಯಲಿ. ಆರಿಸಿ."

ಕಟ್ ಎಂದಿತು ಒಲೆಯ ಗುಂಡಿ. ಸದ್ದು ನಿಂತಿತು. ಆಮೇಲೆ ಒಂದರ ಹಿಂದೊಂದು ಕೆಲಸ: ಚಪ್ಪಲಿ ಹಾಕಿ, ಪಕ್ಕದ ಮನೆಯವರನ್ನು ಕರೆಯಿರಿ, ಅವರ ಕೈಗೆ ಫೋನ್ ಕೊಡಿ, ಆಟೋ ನಿಲ್ಲಿಸಿ, ಆಸ್ಪತ್ರೆಯಲ್ಲಿ ಪೊಟ್ಯಾಶಿಯಂ ಎಂಬ ಒಂದು ಪದ ಹೇಳಿ. ಪಕ್ಕದ ಮನೆಯ ಹೆಂಗಸು ಆಟೋದಲ್ಲಿ ಕೂತು "ಹೊರಟ್ವಿ" ಎನ್ನುವವರೆಗೆ ಡಾಕ್ಟರು ಫೋನ್ ಬಿಡಲಿಲ್ಲ. ಇಟ್ಟ ಮೇಲೆ ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಆಫ್ರೀನ್ ಹೊರಗೆ ಹೋಗಿ ಎಲ್ಲರಿಗೂ ಮಣ್ಣಿನ ಲೋಟದಲ್ಲಿ ಚಹಾ ತಂದಳು. ಸಂಜೆಗೆ ಆಸ್ಪತ್ರೆಯಿಂದ ಸುದ್ದಿ ಬಂತು, ಸರಿಯಾದ ಹೊತ್ತಿಗೆ ತಲುಪಿದ್ದಾಳೆ ಎಂದು.

ಮುಂದೆ ಈ ಪದ್ಧತಿ ಉಳಿದ ಶಾಖೆಗಳಿಗೂ ನಿಧಾನವಾಗಿ ಹೋಯಿತು. ಮ್ಯಾನೇಜರರು ಅದನ್ನು ತಮ್ಮದೇ ಯೋಜನೆಯೆಂದು ಸಭೆಯೊಂದರಲ್ಲಿ ವಿವರಿಸಿದರು. ದೇಬಾಶಿಶ್-ದಾ ಮೊದಲ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದರು. ಆಫ್ರೀನ್ ಎಲ್ಲಿಗೂ ಹೋಗಲಿಲ್ಲ. ಈಗ ನನ್ನ ಕುರ್ಚಿಯಲ್ಲಿ ಕೂರುವವಳು ಅವಳೇ.

ಕೆಲವು ವಾರದ ಮೇಲೆ ಮಾಲತಿ ಇನ್ನೊಂದು ಪರೀಕ್ಷೆಗೆಂದು ಶಾಖೆಗೆ ಬಂದಿದ್ದಳು. ಡಾಕ್ಟರ್ ಲಾಹಿರಿ ಹೇಳಿ ಕಳಿಸಿದರು, ನಾವಿಬ್ಬರೂ ಓಡಿದೆವು. ಗಟ್ಟಿಮುಟ್ಟಾದ ಹೆಂಗಸು, ಕೆಂಪಂಚಿನ ಸೀರೆ, ಬಾಯಲ್ಲಿ ಪಾನ್. ನಾವು ಯಾರೆಂದು ಹೇಳಿದ ಕೂಡಲೇ ಜಗಳಕ್ಕೆ ನಿಂತಳು.

"ಆ ಅನ್ನ ಪೂರ್ತಿ ಹಾಳಾಯ್ತು ಗೊತ್ತಾ? ಪಕ್ಕದ ಮನೆಯವಳ ಹಸು ತಿಂತು."

ನನಗೆ ಹಳೆಯ ಚಟ. ಚೀಲದಿಂದ ಸಂದೇಶ್ ಡಬ್ಬಿ ತೆಗೆದು ಅವಳಿಗೊಂದು ಕೊಟ್ಟು, ಕೇಳಬೇಕಾದದ್ದನ್ನು ಕೇಳಿದೆ. "ನಮ್ಮ ಆ್ಯಪ್ ಹೇಗಿದೆ? ನೋಡೋಕೆ ಸುಲಭ ಆಗ್ತಾ ಇದೆಯಾ?"

ಮಾಲತಿ ತನ್ನ ಸೊಂಟದಿಂದ ಗುಂಡಿಗಳಿದ್ದ ಪುಟ್ಟ ಹಳೆಯ ಫೋನ್ ತೆಗೆದು, ಅದನ್ನೊಮ್ಮೆ ನೋಡಿ, ನಮ್ಮನ್ನೊಮ್ಮೆ ನೋಡಿದಳು.

"ಆ್ಯಪ್ಪಾ? ಯಾವ ಆ್ಯಪ್ಪು?"

ಆಫ್ರೀನ್ ನಗತೊಡಗಿದಳು. ನಾನೂ ನಕ್ಕೆ. ಮಾಲತಿ, ಈ ಇಬ್ಬರಿಗೂ ಏನೋ ಆಗಿದೆ ಎಂಬಂತೆ ತಲೆಯಾಡಿಸಿ, ರಕ್ತ ಕೊಡಲು ರವಿಕೆಯ ತೋಳು ಮಡಚುತ್ತ ಒಳಗೆ ನಡೆದಳು.